ನಿಮ್ಮದೇ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ ಕಟ್ಟುವುದು ಹೇಗೆ: ಬಿಳಿ ಹಾಳೆಯಿಂದ ಓಡುವ ಇಂಟರ್‌ಪ್ರಿಟರ್‌ವರೆಗೆ

ಹೊಸ ಪ್ರೋಗ್ರಾಮಿಂಗ್ ಭಾಷೆ ಮಾಡಬೇಕು ಅಂತ ಕೂತವರು ಮೊದಲು ಚರ್ಚೆಗಿಳಿಯುವುದು ಸೆಮಿಕೋಲನ್ ಬೇಕೋ ಬೇಡವೋ ಅನ್ನುವುದರ ಮೇಲೆ. ಅದು ಆಮೇಲಿನ ಮಾತು. ಮೊದಲು ತೀರ್ಮಾನವಾಗಬೇಕಾದದ್ದು ಬೇರೆಯೇ ಇದೆ. ನಿಮ್ಮ ಭಾಷೆಯಲ್ಲಿ ಒಂದು ಹೆಸರು ಬರೆದರೆ ಅದರ ಬೆಲೆ ಎಲ್ಲಿಂದ ಬರುತ್ತದೆ? ಯಾವಾಗ ಲೆಕ್ಕವಾಗುತ್ತದೆ? ನಡುವೆ ಬದಲಾಗಬಹುದಾ? ಈ ಮೂರು ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕರೆ ಉಳಿದ ಕೆಲಸ ದಾರಿಗೆ ಬರುತ್ತದೆ. ಸಿಗದೆ ಮುಂದೆ ಹೋದರೆ ಎಷ್ಟು ಚೆಂದದ ಕೀವರ್ಡ್ ಇಟ್ಟರೂ ಭಾಷೆ ನಿಲ್ಲುವುದಿಲ್ಲ.

ಇಲ್ಲಿ ಒಂದು ಚಿಕ್ಕ ಫಂಕ್ಷನಲ್ ಭಾಷೆಯನ್ನು, ಅಂದರೆ ಬೆಲೆ ಬದಲಿಸದೆ ಫಂಕ್ಷನ್‌ಗಳಿಂದಲೇ ಲೆಕ್ಕ ಮಾಡುವ ಭಾಷೆಯನ್ನು, ಮೊದಲಿಂದ ಕಟ್ಟೋಣ. ಹೆಸರು ‘ಹೊಳೆ’ ಅಂತಿರಲಿ. ಕೀವರ್ಡ್‌ಗಳು ಕನ್ನಡದಲ್ಲಿ. ನಿಮಗೆ ಯಾವುದಾದರೂ ಒಂದು ಭಾಷೆಯಲ್ಲಿ ಚೆನ್ನಾಗಿ ಕೋಡ್ ಬರೆಯಲು ಬರಬೇಕು, ರಿಕರ್ಷನ್ ಕಂಡರೆ ಭಯ ಇರಬಾರದು. ಅಷ್ಟು ಸಾಕು.

ಇಂಟರ್‌ಪ್ರಿಟರ್, ಅಂದರೆ ಹೊಳೆಯ ಕೋಡನ್ನು ಓದಿ ಓಡಿಸುವ ಪ್ರೋಗ್ರಾಂ, ಬರೆಯಲು ನನ್ನ ಆಯ್ಕೆ ಓಕ್ಯಾಮಲ್ ಎಂಬ ಫಂಕ್ಷನಲ್ ಭಾಷೆ. ಮರದಂಥ ಡೇಟಾವನ್ನು ಬಿಡಿಸಿ ನೋಡುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ರಸ್ಟ್ ಭಾಷೆಯ ಮೊದಲ ಕಂಪೈಲರ್ ಕೂಡ ಓಕ್ಯಾಮಲ್‌ನಲ್ಲೇ ಇತ್ತು. ಹ್ಯಾಸ್ಕೆಲ್ ಬಂದರೆ ಅದೂ ಆಗುತ್ತದೆ, ಎಲ್ಮ್ ಎಂಬ ಭಾಷೆಯ ಕಂಪೈಲರ್ ಬರೆದಿರುವುದು ಹ್ಯಾಸ್ಕೆಲ್‌ನಲ್ಲಿ. ಪೈಥಾನ್ ಮಾತ್ರ ಗೊತ್ತು ಅಂದರೆ ಪೈಥಾನ್‌ನಲ್ಲೇ ಶುರು ಮಾಡಿ. ಒಂದು ಕಡೆ ಎಡವುತ್ತೀರಿ, ಅದನ್ನು ಮುಂದೆ ಹೇಳುತ್ತೇನೆ.

1. ಭಾಷೆಗಿಂತ ಮೊದಲು ಪ್ರೋಗ್ರಾಂ ಬರೆಯಿರಿ

ಇನ್ನೂ ಇಲ್ಲದ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ವಿಚಿತ್ರ ಅನಿಸಬಹುದು. ಆದರೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಸಿಕ್ಕಿಲ್ಲ. ಕಾಗದ ತೆಗೆದುಕೊಳ್ಳಿ. ನಿಮ್ಮ ಭಾಷೆ ಮಾಡಬೇಕಾದ ನಿಜವಾದ ಐದಾರು ಕೆಲಸಗಳನ್ನು ಅದರಲ್ಲೇ ಬರೆಯಲು ನೋಡಿ. ಫ್ಯಾಕ್ಟೋರಿಯಲ್ ಬೇಡ, ಅದು ಯಾವ ಭಾಷೆಯಲ್ಲೂ ಚೆನ್ನಾಗೇ ಕಾಣುತ್ತದೆ.

ನಾನು ಆರಿಸಿಕೊಂಡದ್ದು ಹಳ್ಳಿಯ ಹಾಲಿನ ಡೇರಿಯ ಲೆಕ್ಕ. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹಾಲು ಹಾಕುತ್ತಾರೆ. ಹಸುವಿನ ಹಾಲಿಗೆ ಒಂದು ದರ, ಎಮ್ಮೆ ಹಾಲಿಗೆ ಇನ್ನೊಂದು. ಕೆಲವು ಹೊತ್ತು ಹಾಲೇ ಹಾಕಿರುವುದಿಲ್ಲ. ವಾರದ ಕೊನೆಗೆ ಬಟವಾಡೆ ಎಷ್ಟು? ಪಾಸ್‌ಬುಕ್‌ನ ಒಂದು ಪುಟದಷ್ಟು ಲೆಕ್ಕ. ಆದರೆ ಇದರಲ್ಲಿ ಪಟ್ಟಿ ಇದೆ, ಬೇರೆ ಬೇರೆ ಥರದ ನಮೂದು ಇದೆ, ಖಾಲಿ ಬಿಟ್ಟ ಜಾಗ ಇದೆ, ದುಡ್ಡೂ ಇದೆ. ಭಾಷೆಯನ್ನು ಪರೀಕ್ಷೆ ಮಾಡಲು ಇಷ್ಟು ಸಾಕು.

ದುಡ್ಡು ಬಂದ ಕೂಡಲೇ ಮೊದಲ ನಿರ್ಧಾರ ಎದುರಿಗೆ ಬಂತು. ದಶಮಾಂಶ ಸಂಖ್ಯೆ ಇಟ್ಟರೆ 0.1 + 0.2 ಕೂಡಿದಾಗ 0.30000000000000004 ಬರುತ್ತದೆ. ಕಂಪ್ಯೂಟರ್ ಒಳಗೆ ಎಲ್ಲವೂ ಎರಡರ ಲೆಕ್ಕದಲ್ಲಿ ಇರುವುದರಿಂದ 0.1 ಪೂರ್ತಿಯಾಗಿ ಕೂರುವುದಿಲ್ಲ. ಹಾಗಾಗಿ ಹೊಳೆಯಲ್ಲಿ ಸದ್ಯಕ್ಕೆ ಪೂರ್ಣಸಂಖ್ಯೆ ಮಾತ್ರ. ದುಡ್ಡು ಪೈಸೆಯಲ್ಲಿ, ಹಾಲು ಮಿಲಿಲೀಟರ್‌ನಲ್ಲಿ. ನೋಡಿ, ಕೀವರ್ಡ್ ಬಗ್ಗೆ ಯೋಚಿಸುವ ಮೊದಲೇ ಭಾಷೆಯ ಒಂದು ನಿಯಮ ಸಿಕ್ಕಿತು.

2. ಮೂರು ದೊಡ್ಡ ನಿರ್ಧಾರ

*ಬೆಲೆ ಬದಲಾಗಬಹುದಾ?* ಬೇಡ. ಒಮ್ಮೆ ಕೊಟ್ಟ ಬೆಲೆ ಹಾಗೇ ಇರಲಿ. ಫಂಕ್ಷನಲ್ ಭಾಷೆಯ ಜೀವ ಇರುವುದೇ ಇಲ್ಲಿ. ಒಂದು ಫಂಕ್ಷನ್‌ಗೆ ಅದೇ ಇನ್‌ಪುಟ್ ಕೊಟ್ಟರೆ ಅದೇ ಉತ್ತರ ಬರುತ್ತದೆ ಅನ್ನುವ ಭರವಸೆ ಒಂದಿದ್ದರೆ, ಕೋಡನ್ನು ಎಲ್ಲಿಂದ ಬೇಕಾದರೂ ಓದಲು ಶುರು ಮಾಡಬಹುದು.

*ಯಾವಾಗ ಲೆಕ್ಕ ಮಾಡಬೇಕು?* ಫಂಕ್ಷನ್ ಕರೆಯುವಾಗ ಅದಕ್ಕೆ ಕೊಡುವುದನ್ನು ಮೊದಲೇ ಲೆಕ್ಕ ಮಾಡಿ ಕೊಡುವುದು ಒಂದು ದಾರಿ. ಎಂಎಲ್ ಎಂಬ ಭಾಷೆಯ ಕುಟುಂಬದವು (ಓಕ್ಯಾಮಲ್ ಅದರಲ್ಲೊಂದು) ಹೀಗೆ ಮಾಡುತ್ತವೆ. ಬೇಕಾದಾಗ ಮಾತ್ರ ಲೆಕ್ಕ ಮಾಡುವುದು ಇನ್ನೊಂದು ದಾರಿ. ಅದನ್ನು ಸೋಮಾರಿ ಲೆಕ್ಕ ಅನ್ನೋಣ. 1987ರಲ್ಲಿ ಪೋರ್ಟ್‌ಲ್ಯಾಂಡ್‌ನ ಸಮ್ಮೇಳನವೊಂದರಲ್ಲಿ ಸಂಶೋಧಕರು ಸೇರಿ, ಸೋಮಾರಿ ಲೆಕ್ಕದ ಹತ್ತಾರು ಭಾಷೆಗಳ ಬದಲು ಒಂದೇ ಭಾಷೆ ಮಾಡೋಣ ಅಂತ ಒಪ್ಪಿದರು. ಅದರಿಂದ ಬಂದದ್ದೇ ಹ್ಯಾಸ್ಕೆಲ್, ಮೊದಲ ವರದಿ 1990ರಲ್ಲಿ. ಕೊನೆಯಿಲ್ಲದ ಪಟ್ಟಿಯನ್ನು ಸಲೀಸಾಗಿ ಬರೆಯಬಹುದಾದ ಸೊಗಸು ಅದರಲ್ಲಿದೆ. ಆದರೆ ಯಾವ ಲೆಕ್ಕ ಯಾವಾಗ ನಡೆಯುತ್ತದೆ, ಮೆಮೊರಿ ಯಾಕೆ ತುಂಬಿತು ಅಂತ ಹೇಳುವುದು ಕಷ್ಟವಾಗುತ್ತದೆ. ಮೊದಲ ಭಾಷೆಗೆ ಮೊದಲೇ ಲೆಕ್ಕ ಮಾಡುವ ದಾರಿಯೇ ಸರಿ. ಹೊಳೆಯೂ ಹಾಗೇ.

*ಪರದೆಗೆ ಬರೆಯುವುದು, ಫೈಲ್ ಓದುವುದು ಹೇಗೆ?* ಹ್ಯಾಸ್ಕೆಲ್ ಮಂದಿ ಇದಕ್ಕೆ ಮೋನಾಡ್ ತಂದರು, ಇಂಥ ಕೆಲಸಗಳನ್ನು ಸರದಿಯಲ್ಲಿ ಜೋಡಿಸುವ ಒಂದು ವಿಧಾನ ಅದು. ನಾವು ಅಷ್ಟು ದೂರ ಹೋಗುವುದು ಬೇಡ. ಪ್ರೋಗ್ರಾಂನ ಕೊನೆಯಲ್ಲಿ ಬರುವ ಉತ್ತರವನ್ನು ಹೊಳೆಯೇ ಪರದೆಗೆ ಹಾಕುತ್ತದೆ, ಫಂಕ್ಷನ್ ಒಳಗಿಂದ ಯಾರೂ ಪರದೆ ಮುಟ್ಟುವ ಹಾಗಿಲ್ಲ. ಕಟ್ಟುನಿಟ್ಟಾಯಿತು ಅನಿಸಬಹುದು. ಆಮೇಲೆ ಸಡಿಲ ಮಾಡಬಹುದು, ಸಡಿಲ ಬಿಟ್ಟದ್ದನ್ನು ಬಿಗಿ ಮಾಡುವುದು ಕಷ್ಟ.

3. ತಿರುಳು ಎಷ್ಟು ಚಿಕ್ಕದು ನೋಡಿ

1930ರ ದಶಕದಲ್ಲಿ ಅಲಾಂಜೊ ಚರ್ಚ್ ಲ್ಯಾಂಬ್ಡಾ ಕ್ಯಾಲ್ಕ್ಯುಲಸ್ ಕಟ್ಟಿದರು. ಅದರಲ್ಲಿ ಇರುವುದು ಮೂರೇ: ಹೆಸರು, ಫಂಕ್ಷನ್, ಫಂಕ್ಷನ್ ಕರೆ. ಈ ಮೂರರಿಂದಲೇ ಯಾವ ಲೆಕ್ಕ ಬೇಕಾದರೂ ಮಾಡಬಹುದು. ಆದರೆ ಸಂಖ್ಯೆಯನ್ನೂ ಫಂಕ್ಷನ್ ಆಗಿ ಬರೆಯುತ್ತಾ ಕೂರುವುದು ದಿನದ ಬಳಕೆಗೆ ಆಗುವ ಮಾತಲ್ಲ. ಅದಕ್ಕೆ ಹೊಳೆಯ ತಿರುಳಿನಲ್ಲಿ ಎಂಟು ಥರದ ನೋಡ್ (ಪ್ರೋಗ್ರಾಂ ಅನ್ನು ಮರವಾಗಿ ಬಿಡಿಸಿದಾಗ ಸಿಗುವ ತುಣುಕು) ಇಡೋಣ: ಸಂಖ್ಯೆ, ಪಠ್ಯ, ಹೆಸರು, ಫಂಕ್ಷನ್, ಕರೆ, ಹೆಸರಿಡಲು ‘ಇರಲಿ’, ಷರತ್ತಿಗೆ ‘ಆದರೆ’, ಬೆಲೆಯ ರೂಪ ನೋಡಿ ಕವಲು ಆರಿಸಲು ‘ನೋಡು’. ಪಟ್ಟಿ ಕೂಡ ನಾವೇ ಕಟ್ಟುವ ಬಗೆಗಳಲ್ಲಿ ಒಂದು, ಅದಕ್ಕೆ ಬೇರೆ ನೋಡ್ ಬೇಡ.

ಕೂಡುವುದು ಕಳೆಯುವುದಕ್ಕೂ ಬೇರೆ ನೋಡ್ ಬೇಡ. ‘+’ ಅನ್ನುವುದು ಎರಡು ಸಂಖ್ಯೆ ತೆಗೆದುಕೊಳ್ಳುವ, ಮೊದಲೇ ಇರುವ ಒಂದು ಫಂಕ್ಷನ್, ಅಷ್ಟೇ. ಫಂಕ್ಷನ್‌ಗಳೆಲ್ಲ ಒಂದೇ ಒಂದು ಇನ್‌ಪುಟ್ ತೆಗೆದುಕೊಳ್ಳಲಿ. ಎರಡು ಬೇಕಾದರೆ, ಒಂದನ್ನು ತೆಗೆದುಕೊಂಡು ಇನ್ನೊಂದಕ್ಕೆ ಕಾಯುವ ಫಂಕ್ಷನ್ ಹಿಂದಿರುಗಿಸಲಿ. ಇದಕ್ಕೆ ಕರ್ರಿಯಿಂಗ್ ಅನ್ನುತ್ತಾರೆ. ಡೇರಿ ಲೆಕ್ಕದಲ್ಲಿ ಇದು ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ:

```
ಇರಲಿ ಪೈಸೆ = ದರ -> ಮಿಲಿ -> ದರ * ಮಿಲಿ / 1000
ಇರಲಿ ಹಸುಬೆಲೆ = ಪೈಸೆ 3500
ಇರಲಿ ಎಮ್ಮೆಬೆಲೆ = ಪೈಸೆ 5000
ಹಸುಬೆಲೆ 4500
```

ದರಗಳು ಉದಾಹರಣೆಗೆ ಇಟ್ಟದ್ದು. ಲೀಟರಿಗೆ 35 ರೂಪಾಯಿ ಅಂದರೆ 3500 ಪೈಸೆ. ನಾಲ್ಕೂವರೆ ಲೀಟರ್‌ಗೆ ಉತ್ತರ 15750, ಅಂದರೆ 157 ರೂಪಾಯಿ 50 ಪೈಸೆ. ಗುಣಾಕಾರ ಮೊದಲು, ಭಾಗಾಕಾರ ಆಮೇಲೆ ಇರುವುದನ್ನು ಗಮನಿಸಿ. 4500ನ್ನು ಮೊದಲೇ 1000ದಿಂದ ಭಾಗಿಸಿದ್ದರೆ ಪೂರ್ಣಸಂಖ್ಯೆಯಲ್ಲಿ 4 ಬರುತ್ತಿತ್ತು, ಅರ್ಧ ಲೀಟರ್ ಹಾಲು ಲೆಕ್ಕದಿಂದ ಮಾಯ.

4. ಇವ್ಯಾಲ್ಯುಯೇಟರ್: ಇಲ್ಲಿ ನಿಧಾನವಾಗಿ ಹೋಗಿ

ನೋಡ್‌ಗಳ ಮರದಿಂದ ಉತ್ತರ ಲೆಕ್ಕ ಮಾಡುವ ಭಾಗ ಇವ್ಯಾಲ್ಯುಯೇಟರ್, ಬರೆದ ಕೋಡನ್ನು ಆ ಮರವಾಗಿ ಮಾಡುವ ಭಾಗ ಪಾರ್ಸರ್. ಪಾರ್ಸರ್‌ಗಿಂತ ಮೊದಲು ಇವ್ಯಾಲ್ಯುಯೇಟರ್ ಬರೆಯಿರಿ. ನೋಡ್‌ಗಳ ಮರವನ್ನು ಕೈಯಲ್ಲೇ ಕಟ್ಟಿ ಕೊಟ್ಟು ಓಡಿಸಿ ನೋಡಿ. ಭಾಷೆಯ ಅರ್ಥ ಇರುವುದು ಇಲ್ಲಿ.

ಇವ್ಯಾಲ್ಯುಯೇಟರ್ ಎರಡು ವಸ್ತು ತೆಗೆದುಕೊಳ್ಳುತ್ತದೆ: ಒಂದು ನೋಡ್, ಒಂದು ಪರಿಸರ. ಪರಿಸರ ಅಂದರೆ ಹೆಸರು ಮತ್ತು ಬೆಲೆಗಳ ಒಂದು ಪೆಟ್ಟಿಗೆ, ಜೊತೆಗೆ ತನ್ನ ಹೊರಗಿನ ಪೆಟ್ಟಿಗೆಯ ವಿಳಾಸ. ಹೆಸರು ಬಂದಾಗ ಒಳಗಿನ ಪೆಟ್ಟಿಗೆಯಲ್ಲಿ ಹುಡುಕಬೇಕು, ಇಲ್ಲದಿದ್ದರೆ ಹೊರಗಿನದರಲ್ಲಿ, ಅಲ್ಲೂ ಇಲ್ಲದಿದ್ದರೆ ಇನ್ನೂ ಹೊರಗೆ.

ಈಗ ‘ಪೈಸೆ 3500’ ಓಡಿದಾಗ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ. ಹೊಸ ಪೆಟ್ಟಿಗೆ ಬಂತು, ಅದರಲ್ಲಿ ದರ = 3500. ಫಂಕ್ಷನ್‌ನ ಒಡಲಿನಲ್ಲಿ ಇರುವುದು ಇನ್ನೊಂದು ಫಂಕ್ಷನ್. ಅದನ್ನು ಸುಮ್ನೆ ಹಿಂದಿರುಗಿಸಿದರೆ ಸಾಲದು. ಯಾಕೆಂದರೆ ಅದರ ಒಳಗೆ ‘ದರ’ ಅನ್ನುವ ಹೆಸರಿದೆ, ಆ ದರ ಇರುವುದು ಈ ಪೆಟ್ಟಿಗೆಯಲ್ಲಿ. ಆದ್ದರಿಂದ ಫಂಕ್ಷನ್ ಜೊತೆ ಪೆಟ್ಟಿಗೆಯನ್ನೂ ಗಂಟು ಕಟ್ಟಿ ಕಳಿಸಬೇಕು. ಇನ್‌ಪುಟ್‌ನ ಹೆಸರು, ಒಡಲು, ಹುಟ್ಟಿದ ಜಾಗದ ಪರಿಸರ, ಈ ಮೂರರ ಗಂಟೇ ಕ್ಲೋಷರ್. ಈ ಹೆಸರು ಕೊಟ್ಟವರು ಪೀಟರ್ ಲ್ಯಾಂಡಿನ್, 1964ರಲ್ಲಿ. ಆಮೇಲೆ ‘ಹಸುಬೆಲೆ 4500’ ಕರೆದಾಗ ಇನ್ನೊಂದು ಪೆಟ್ಟಿಗೆ ಹುಟ್ಟುತ್ತದೆ, ಮಿಲಿ = 4500. ಅದರ ಹೊರಗಿನ ಪೆಟ್ಟಿಗೆ ಯಾವುದು? ಕರೆದವನ ಪೆಟ್ಟಿಗೆ ಅಲ್ಲ, ಗಂಟಿನಲ್ಲಿ ಬಂದ ಪೆಟ್ಟಿಗೆ.

ಈ ಒಂದು ಸಾಲು ತಪ್ಪಿದರೆ ಭಾಷೆಯೇ ತಪ್ಪು. ಕೊನೆಯ ಕರೆಗೆ ಮೊದಲು ಯಾರೋ ಇನ್ನೆಲ್ಲೋ ಇದನ್ನು ಸೇರಿಸಿದರು ಅಂದುಕೊಳ್ಳಿ:

```
ಇರಲಿ ದರ = 5000
ಹಸುಬೆಲೆ 4500
```

ಕರೆದವನ ಪರಿಸರದಲ್ಲಿ ಹುಡುಕುವ ಇವ್ಯಾಲ್ಯುಯೇಟರ್ ಆಗಿದ್ದರೆ ಉತ್ತರ 22500. ಹಸುವಿನ ಹಾಲಿಗೆ ಎಮ್ಮೆಯ ದರ! ಹುಟ್ಟಿದ ಪರಿಸರದಲ್ಲಿ ಹುಡುಕಿದರೆ 15750, ಮೊದಲು ಬಂದಷ್ಟೇ. ಇದು ಹೊಸಬರ ತಪ್ಪು ಮಾತ್ರ ಅಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ಲಿಸ್ಪ್ ಭಾಷೆ ಶುರು ಮಾಡಿದರು. ಅವರು ಕಾಗದದ ಮೇಲೆ ಬರೆದಿದ್ದ ಇವ್ಯಾಲ್ಯುಯೇಟರನ್ನು ಸ್ಟೀವ್ ರಸೆಲ್ ಐಬಿಎಂ 704 ಯಂತ್ರದ ಕೋಡ್ ಆಗಿ ಕೈಯಲ್ಲೇ ಬರೆದು ಓಡಿಸಿದರು. ಆ ಲಿಸ್ಪ್ ಹೆಸರನ್ನು ಹುಡುಕುತ್ತಿದ್ದುದು ಕರೆದವನ ಪರಿಸರದಲ್ಲಿ. ಲಿಸ್ಪ್ ಕುಟುಂಬದಲ್ಲಿ ಇದನ್ನು ನೇರ ಮಾಡಿದ್ದು 1975ರ ಸ್ಕೀಮ್, ಸಸ್‌ಮನ್ ಮತ್ತು ಸ್ಟೀಲ್ ಅವರದ್ದು. ಮೇಲಿನ ಎರಡು ಸಾಲನ್ನು ನಿಮ್ಮ ಮೊದಲ ಟೆಸ್ಟ್ ಆಗಿ ಇಟ್ಟುಕೊಳ್ಳಿ.

5. ತನ್ನನ್ನೇ ಕರೆಯುವ ಫಂಕ್ಷನ್

ಲೂಪ್ ಇಲ್ಲದ ಭಾಷೆಯಲ್ಲಿ ರಿಕರ್ಷನ್ನೇ ಲೂಪ್. ಆದರೆ ‘ಇರಲಿ’ಯಲ್ಲಿ ಬಲಗಡೆ ಲೆಕ್ಕವಾಗುವಾಗ ಎಡಗಡೆಯ ಹೆಸರು ಇನ್ನೂ ಹುಟ್ಟಿರುವುದಿಲ್ಲ. ಹ್ಯಾಸ್ಕೆಲ್‌ನಲ್ಲಿ ಎಲ್ಲಾ ಹೆಸರೂ ತನ್ನನ್ನೇ ಕರೆಯಬಹುದು. ಓಕ್ಯಾಮಲ್‌ನಲ್ಲಿ ಅದಕ್ಕೆ ಬೇರೆ ಕೀವರ್ಡ್ ಬೇಕು. ನನಗೆ ಓಕ್ಯಾಮಲ್ ದಾರಿ ಇಷ್ಟ. ಓದುವವರಿಗೆ ಮೊದಲೇ ಗೊತ್ತಾಗುತ್ತದೆ, ಅಲ್ವಾ? ಹೊಳೆಯಲ್ಲಿ ಅದು ‘ಮರಳಿ’:

```
ಇರಲಿ ಮರಳಿ ಕೂಡು = ಈವರೆಗೆ -> ಪಟ್ಟಿ -> ನೋಡು ಪಟ್ಟಿ
  | [] -> ಈವರೆಗೆ
  | ತಲೆ :: ಉಳಿದ -> ಕೂಡು (ಈವರೆಗೆ + ತಲೆ) ಉಳಿದ
  ಅಷ್ಟೇ
```

‘[]’ ಅಂದರೆ ಖಾಲಿ ಪಟ್ಟಿ, ‘ತಲೆ :: ಉಳಿದ’ ಅಂದರೆ ಮೊದಲ ನಮೂದು ಮತ್ತು ಮಿಕ್ಕ ಪಟ್ಟಿ. ಒಳಗೆ ಮಾಡಬೇಕಾದದ್ದು ಸುಲಭ. ಮೊದಲು ಪೆಟ್ಟಿಗೆಯಲ್ಲಿ ‘ಕೂಡು’ ಅಂತ ಖಾಲಿ ಜಾಗ ಬಿಡಿ. ಆ ಪೆಟ್ಟಿಗೆಯನ್ನೇ ಹಿಡಿದ ಕ್ಲೋಷರ್ ಮಾಡಿ. ಆಮೇಲೆ ಖಾಲಿ ಜಾಗದಲ್ಲಿ ಅದನ್ನು ಇಡಿ.

ಪೈಥಾನ್‌ನಲ್ಲಿ ಎಡವುವ ಜಾಗ ಇದೇ. ಪೈಥಾನ್ ಸಾಮಾನ್ಯವಾಗಿ 1000ಕ್ಕಿಂತ ಆಳಕ್ಕೆ ರಿಕರ್ಷನ್ ಬಿಡುವುದಿಲ್ಲ. ಹೊಳೆಯ ಒಂದು ಕರೆಗೆ ನಿಮ್ಮ ಇವ್ಯಾಲ್ಯುಯೇಟರ್ ಎರಡು ಮೂರು ಸಲ ತನ್ನನ್ನೇ ಕರೆದುಕೊಳ್ಳುವುದರಿಂದ ಕೆಲವು ನೂರು ನಮೂದಿನ ಪಟ್ಟಿಗೇ ಪ್ರೋಗ್ರಾಂ ಬೀಳುತ್ತದೆ. ಮಿತಿ ಹೆಚ್ಚಿಸುವುದು ಪರಿಹಾರ ಅಲ್ಲ. ಮೇಲಿನ ಕೋಡ್‌ನಲ್ಲಿ ‘ಕೂಡು’ ಕರೆದ ಮೇಲೆ ಮಾಡಲು ಬೇರೆ ಕೆಲಸ ಉಳಿದಿಲ್ಲ, ಬಂದ ಉತ್ತರವೇ ಉತ್ತರ. ಇಂಥ ಕೊನೆಯ ಕರೆಗೆ ಹೊಸ ಮೆಟ್ಟಿಲು ಹತ್ತುವ ಅಗತ್ಯವಿಲ್ಲ. ಇವ್ಯಾಲ್ಯುಯೇಟರನ್ನು ಒಂದು ಲೂಪ್ ಆಗಿ ಬರೆಯಿರಿ. ಫಂಕ್ಷನ್‌ನ ಒಡಲು, ‘ಆದರೆ’ಯ ಕವಲು, ‘ನೋಡು’ವಿನ ಕವಲು, ‘ಇರಲಿ’ಯ ಕೊನೆಯ ಭಾಗ, ಈ ನಾಲ್ಕು ಕಡೆ ತನ್ನನ್ನು ಕರೆಯುವ ಬದಲು ಕೈಯಲ್ಲಿರುವ ನೋಡ್ ಮತ್ತು ಪರಿಸರವನ್ನು ಬದಲಿಸಿ ಲೂಪ್‌ನ ಮೇಲಕ್ಕೆ ಹೋಗಲಿ. ಸ್ಕೀಮ್ ಭಾಷೆಯಲ್ಲಂತೂ ಇದು ಕಡ್ಡಾಯ. ಒಂದು ಲಕ್ಷ ನಮೂದು ಕೊಟ್ಟು ಪರೀಕ್ಷಿಸಿ.

6. ಈಗ ಸಿಂಟ್ಯಾಕ್ಸ್

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಹಾಲು ಸೋಸು’ ಅನ್ನುತ್ತೇವೆ, ‘ಸೋಸು ಹಾಲು’ ಅನ್ನುವುದಿಲ್ಲ. ಕೀವರ್ಡ್‌ಗಳನ್ನಷ್ಟೇ ಅನುವಾದ ಮಾಡಿದರೆ ಕನ್ನಡದ ಪದಗಳು ಇಂಗ್ಲಿಷ್‌ನ ಸಾಲಿನಲ್ಲಿ ನಿಂತ ಹಾಗಾಗುತ್ತದೆ. ಫಂಕ್ಷನಲ್ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ಎಫ್-ಶಾರ್ಪ್ ಭಾಷೆ ಜನಪ್ರಿಯ ಮಾಡಿದ ಪೈಪ್ ಗುರುತು: ಎಡಗಡೆಯ ಬೆಲೆಯನ್ನು ಬಲಗಡೆಯ ಫಂಕ್ಷನ್‌ಗೆ ಕೊಡುತ್ತದೆ.

```
ಕೂಡು 0 (ಪ್ರತಿಯೊಂದಕ್ಕೂ ಬೆಲೆ (ಸೋಸು ಹಸುವಿನದೇ ವಾರ))

ವಾರ |> ಸೋಸು ಹಸುವಿನದೇ |> ಪ್ರತಿಯೊಂದಕ್ಕೂ ಬೆಲೆ |> ಕೂಡು 0
```

ಎರಡೂ ಒಂದೇ ಲೆಕ್ಕ: ವಾರದ ನಮೂದುಗಳಲ್ಲಿ ಹಸುವಿನದನ್ನಷ್ಟೇ ಸೋಸಿ, ಪ್ರತಿಯೊಂದಕ್ಕೂ ಬೆಲೆ ಕಟ್ಟಿ, ಕೂಡುವುದು. ಮೊದಲನೆಯದನ್ನು ಒಳಗಿಂದ ಹೊರಗೆ ಓದಬೇಕು. ಎರಡನೆಯದನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಬಹುದು. ಇದಕ್ಕಾಗಿ ಲೈಬ್ರರಿಯಲ್ಲಿ ಒಂದು ಶಿಸ್ತು ಬೇಕು: ಪಟ್ಟಿ ಯಾವಾಗಲೂ ಕೊನೆಯ ಇನ್‌ಪುಟ್ ಆಗಿರಲಿ. ‘ಕೂಡು’ ಫಂಕ್ಷನ್‌ನಲ್ಲಿ ‘ಈವರೆಗೆ’ ಮೊದಲು, ‘ಪಟ್ಟಿ’ ಆಮೇಲೆ ಇಟ್ಟದ್ದು ಅದಕ್ಕೇ.

ಷರತ್ತಿಗೂ ಇದೇ ಜಾಡು: ‘ಮಿಲಿ > 10000 ಆದರೆ 3600 ಇಲ್ಲವಾದರೆ 3500’. ‘ಆದರೆ’ಯನ್ನು ಬಾಣ ಬಿಟ್ಟರೆ ಎಲ್ಲಕ್ಕಿಂತ ಸಡಿಲವಾಗಿ ಅಂಟುವ ಆಪರೇಟರ್ ಅಂತ ನೋಡಿದರೆ ಪಾರ್ಸರ್‌ಗೂ ತೊಂದರೆ ಇಲ್ಲ. ಪಾರ್ಸರ್‌ಗೆ ವಾನ್ ಪ್ರಾಟ್ 1973ರಲ್ಲಿ ಕೊಟ್ಟ ವಿಧಾನ ಬಳಸಿ. ಪ್ರತಿ ಆಪರೇಟರ್‌ಗೂ ಒಂದು ಬಿಗಿತದ ಸಂಖ್ಯೆ ಕೊಡುತ್ತೀರಿ. ಈಗ ಹಿಡಿದಿರುವ ಬಿಗಿತಕ್ಕಿಂತ ಮುಂದಿನ ಆಪರೇಟರ್ ಬಿಗಿಯಾಗಿದ್ದರೆ ಮುಂದೆ ಹೋಗಬೇಕು, ಇಲ್ಲದಿದ್ದರೆ ನಿಲ್ಲಬೇಕು. ಪಕ್ಕಪಕ್ಕ ಬರೆದ ಫಂಕ್ಷನ್ ಕರೆ ಎಲ್ಲಕ್ಕಿಂತ ಬಿಗಿ, ಆಮೇಲೆ ಗುಣಾಕಾರ ಭಾಗಾಕಾರ, ಕೂಡು ಕಳೆ, ಹೋಲಿಕೆ, ಪೈಪ್, ‘ಆದರೆ’, ಕೊನೆಗೆ ಬಾಣ. ಇಡೀ ಪಾರ್ಸರ್ ಇನ್ನೂರು ಮುನ್ನೂರು ಸಾಲಿನಲ್ಲಿ ಮುಗಿಯುತ್ತದೆ.

ಇಲ್ಲೊಂದು ಗುಂಡಿ ಇದೆ. ಸೆಮಿಕೋಲನ್ ಇಲ್ಲ, ಫಂಕ್ಷನ್ ಕರೆಗೆ ಬ್ರ್ಯಾಕೆಟ್ ಇಲ್ಲ. ಹಾಗಿರುವಾಗ ಮೂರನೇ ಭಾಗದ ಕೊನೆಯ ಎರಡು ಸಾಲನ್ನು ಪಾರ್ಸರ್ ಹೇಗೆ ಓದುತ್ತದೆ? ‘ಪೈಸೆ 5000 ಹಸುಬೆಲೆ 4500’ ಅಂತ ಒಂದೇ ಕರೆಯಾಗಿ! ಸಾಲಿನ ಕೊನೆಯನ್ನು ಸುಮ್ಮನೆ ಬಿಟ್ಟುಬಿಟ್ಟರೆ ಹೀಗಾಗುತ್ತದೆ. ಹೊಳೆಯ ನಿಯಮ: ಸಾಲಿನ ಎಡತುದಿಗೆ ಒತ್ತಿ, ಜಾಗ ಬಿಡದೆ ಶುರುವಾದದ್ದು ಹೊಸ ಹೇಳಿಕೆ. ಜಾಗ ಬಿಟ್ಟು ಶುರುವಾದದ್ದು ಹಿಂದಿನದರ ಮುಂದುವರಿಕೆ. ‘ನೋಡು’ ಒಳಗೆ ಇನ್ನೊಂದು ‘ನೋಡು’ ಬಂದಾಗ ಯಾವ ಕವಲು ಯಾರದ್ದು ಅಂತ ಗೊಂದಲವಾಗದಿರಲು ‘ಅಷ್ಟೇ’ ಅನ್ನುವ ಮುಗಿಸುವ ಪದ.

7. ಕನ್ನಡ ಅಕ್ಷರವನ್ನು ಸರಿಯಾಗಿ ಓದುವುದು

ಲೆಕ್ಸರ್, ಅಂದರೆ ಕೋಡನ್ನು ಪದಗಳಾಗಿ ಒಡೆಯುವ ಭಾಗ, ಬರೆಯುವವರು ‘ಅಕ್ಷರ ಇರುವಷ್ಟೂ ಓದು, ಅದು ಒಂದು ಹೆಸರು’ ಅಂತ ಬರೆಯುತ್ತಾರೆ. ಕನ್ನಡಕ್ಕೆ ಅದು ಸಾಲದು. ‘ಮಿ’ ಅನ್ನುವುದು ಯೂನಿಕೋಡ್‌ನಲ್ಲಿ ಎರಡು ಸಂಕೇತ: ಮ ಮತ್ತು ಇಕಾರದ ಗುರುತು. ಆ ಗುರುತನ್ನು ಪೈಥಾನ್‌ನ ‘ಇದು ಅಕ್ಷರವೇ’ ಎಂಬ ಪರೀಕ್ಷೆ ಅಕ್ಷರ ಅಂತ ಒಪ್ಪುವುದಿಲ್ಲ. ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಸ್ವರಚಿಹ್ನೆ, ಅರ್ಧಾಕ್ಷರದ ಗುರುತು, ಅನುಸ್ವಾರ, ಇವೆಲ್ಲ ಹೆಸರಿನ ನಡುವೆ ಬರಬಹುದು ಅಂತ ನೀವೇ ಹೇಳಬೇಕು. ಅಂಕಿಗಳಲ್ಲಿ 0ಯಿಂದ 9 ಮತ್ತು ೦ಯಿಂದ ೯ ಎರಡನ್ನೂ ಒಪ್ಪಿಕೊಳ್ಳಿ.

ಇನ್ನೊಂದು ಸೂಕ್ಷ್ಮ. ‘ಕೊ’ ಬರೆಯಲು ಒಕಾರಕ್ಕೆ ಒಂದೇ ಸಂಕೇತ ಇದೆ. ಎಕಾರದ ಗುರುತು ಮತ್ತು ಊಕಾರದ ಗುರುತು ಸೇರಿಸಿಯೂ ಅದೇ ‘ಕೊ’ ಬರುತ್ತದೆ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಆದ್ದರಿಂದ ಫೈಲ್ ಓದಿದ ಕೂಡಲೇ ಎಲ್ಲವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಇಂಥ ಎರಡು ಬರಹಗಳನ್ನು ಅದು ಒಂದೇ ಮಾಡುತ್ತದೆ. ಹೆಚ್ಚಿನ ಭಾಷೆಗಳಲ್ಲಿ ಅದಕ್ಕೆ ಸಿದ್ಧ ಫಂಕ್ಷನ್ ಅಥವಾ ಲೈಬ್ರರಿ ಸಿಗುತ್ತದೆ.

ಎನ್‌ಎಫ್‌ಸಿ ಮಾಡಿದ ಮೇಲೂ ಒಂದು ಉಳಿಯುತ್ತದೆ. ನನಗೆ ಎರಡು ಸಂಜೆ ಹಿಡಿದ ತೊಂದರೆ ಅದು. ‘ಲೀಟರ್’ ಅನ್ನುವ ಹೆಸರು ಮೇಲೆ ಇತ್ತು, ಕೆಳಗೆ ಬಳಸಿದರೆ ಆ ಹೆಸರೇ ಇಲ್ಲ ಅನ್ನುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಒಂದು ಚುಕ್ಕೆಯೂ ವ್ಯತ್ಯಾಸ ಇಲ್ಲ. ಕೊನೆಗೆ ಒಂದೊಂದೇ ಸಂಕೇತ ಎಣಿಸಿದಾಗ ಒಂದರಲ್ಲಿ ಐದು, ಇನ್ನೊಂದರಲ್ಲಿ ಆರು. ‘ಲೀಟರ್‌ಗೆ’ ಅಂತ ಬರೆಯುವಾಗ ರ್ ಮತ್ತು ಗೆ ಅಂಟದಿರಲಿ ಅಂತ ಕೀಬೋರ್ಡ್ ಹಾಕುವ ಕಣ್ಣಿಗೆ ಕಾಣದ ಗುರುತು, ‘ಗೆ’ ಅಳಿಸಿದ ಮೇಲೂ ಅಲ್ಲೇ ಉಳಿದಿತ್ತು. ಈ ಗುರುತನ್ನು ಪೂರ್ತಿ ನಿಷೇಧಿಸುವ ಹಾಗಿಲ್ಲ, ಹೆಸರಿನ ನಡುವೆ ಅದು ಬೇಕಾಗುತ್ತದೆ. ಹೆಸರಿನ ಕೊನೆಯಲ್ಲಿ ಬಂದರೆ ಮಾತ್ರ ಕಿತ್ತುಹಾಕಿ.

8. ಬಗೆಗಳು ಮತ್ತು ‘ನೋಡು’

```
ಬಗೆ ಹೊತ್ತು = ಹಸು(ಸಂಖ್ಯೆ) | ಎಮ್ಮೆ(ಸಂಖ್ಯೆ) | ರಜೆ

ಇರಲಿ ಬೆಲೆ = ಹೊ -> ನೋಡು ಹೊ
  | ಹಸು(ಮಿ) -> ಹಸುಬೆಲೆ ಮಿ
  | ಎಮ್ಮೆ(ಮಿ) -> ಎಮ್ಮೆಬೆಲೆ ಮಿ
  | ರಜೆ -> 0
  ಅಷ್ಟೇ
```

ಒಂದು ಹೊತ್ತು ಅಂದರೆ ಈ ಮೂರರಲ್ಲಿ ಒಂದು. ನಾಲ್ಕನೆಯದು ಇಲ್ಲ. ಹಾಲು ಹಾಕದ ಹೊತ್ತಿಗೆ 0 ಮಿಲಿ ಅಂತ ಬರೆದು ಸುಧಾರಿಸುವುದು ಬೇಡ, ‘ರಜೆ’ ಅಂತಲೇ ಹೇಳಬಹುದು. ನಾಳೆ ಯಾರಾದರೂ ‘ಮೇಕೆ’ ಸೇರಿಸಿದರೆ, ‘ಬೆಲೆ’ಯಲ್ಲಿ ಅದಕ್ಕೆ ಕವಲು ಇಲ್ಲ ಅಂತ ಭಾಷೆಯೇ ಹೇಳಬೇಕು. ಈ ಪರೀಕ್ಷೆ ಬರೆಯುವುದು ಸ್ವಲ್ಪ ಶ್ರಮ, ಆದರೆ ಬಿಡಬೇಡಿ. ಸರಳ ರೂಪದಲ್ಲಿ, ಬಗೆಯ ಎಲ್ಲಾ ಹೆಸರುಗಳ ಪಟ್ಟಿಯಿಂದ ಕವಲುಗಳಲ್ಲಿ ಬಂದವನ್ನು ಕಳೆಯಿರಿ. ಉಳಿದದ್ದು ಮರೆತದ್ದು.

ಖಾಲಿ ಬೆಲೆ, ಅಂದರೆ ನಲ್, ಭಾಷೆಯೊಳಗೆ ಬಿಟ್ಟುಕೊಳ್ಳಬೇಡಿ. ಟೋನಿ ಹೋರ್ 1965ರಲ್ಲಿ ಅದನ್ನು ತಂದವರು, ಮುಂದೆ ಅವರೇ ಅದನ್ನು ತಮ್ಮ ದೊಡ್ಡ ತಪ್ಪು ಅಂದರು. ಅದರ ಬದಲು:

```
ಬಗೆ ಬಹುಶಃ ಕ = ಇದೆ(ಕ) | ಇಲ್ಲ
```

ಇಲ್ಲಿ ‘ಕ’ ಯಾವ ಬಗೆಯಾದರೂ ಸರಿ. ಪಟ್ಟಿಯ ಮೊದಲ ನಮೂದು ಕೇಳಿದರೆ ಸಿಗುವುದು ‘ಬಹುಶಃ ಹೊತ್ತು’. ಇದೆಯೋ ಇಲ್ಲವೋ ನೋಡದೆ ಅದನ್ನು ಬಳಸಲು ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ‘ಇದೆ’, ‘ಇಲ್ಲ’ ಎರಡೂ ಒಂದೊಂದೇ ಪದವಾಗಿ ಸಿದ್ಧವಾಗಿರುವುದು ನನಗೆ ತುಂಬ ಖುಷಿ ಕೊಟ್ಟ ವಿಷಯ.

9. ಟೈಪ್ ಕಂಡುಹಿಡಿಯುವುದು

ಇಲ್ಲಿಯವರೆಗೆ ಬಂದರೆ ಭಾಷೆ ಓಡುತ್ತದೆ. ಆದರೆ ‘ಹಸುಬೆಲೆ "ನಾಲ್ಕು"’ ಅಂತ ಬರೆದರೆ ಓಡುವಾಗ ಬೀಳುತ್ತದೆ. ಓಡುವ ಮೊದಲೇ ಹಿಡಿಯಬೇಕು, ಬರೆಯುವವರು ಎಲ್ಲೂ ಟೈಪ್ (ಬೆಲೆ ಸಂಖ್ಯೆಯೋ ಪಠ್ಯವೋ ಅನ್ನುವುದು) ಬರೆಯಬೇಕಾಗಲೂಬಾರದು. ಎರಡೂ ಸಾಧ್ಯ. ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು ಗಣಿತದ ರುಜುವಾತುಗಳನ್ನು ಯಂತ್ರದಲ್ಲಿ ಪರೀಕ್ಷಿಸುವ ವ್ಯವಸ್ಥೆಗಾಗಿ ಎಂಎಲ್ ಕಟ್ಟಿದರು. ನಿಯಮ ಬಿಟ್ಟು ಬೇರೆ ದಾರಿಯಲ್ಲಿ ಯಾರೂ ಪ್ರಮೇಯ ಸೃಷ್ಟಿಸಬಾರದು, ಅದನ್ನು ಕಾಯಲು ಟೈಪ್. ಈ ಲೆಕ್ಕದ ವಿಧಾನವನ್ನು ಮಿಲ್ನರ್ 1978ರಲ್ಲಿ ಪ್ರಕಟಿಸಿದರು. ರೋಜರ್ ಹಿಂಡ್ಲಿ 1969ರಲ್ಲೇ ತರ್ಕಶಾಸ್ತ್ರದ ಕಡೆಯಿಂದ ಇದೇ ವಿಷಯ ಕಂಡುಕೊಂಡಿದ್ದರು. ಹಾಗಾಗಿ ಇಬ್ಬರ ಹೆಸರೂ ಸೇರಿ ಹಿಂಡ್ಲಿ-ಮಿಲ್ನರ್.

ಕೈಯಲ್ಲೇ ಒಂದು ಮಾಡಿ ನೋಡೋಣ:

```
ಇರಲಿ ಎರಡುಸಲ = ಫ -> ಕ -> ಫ (ಫ ಕ)
```

ಗೊತ್ತಿಲ್ಲದ ಪ್ರತಿಯೊಂದಕ್ಕೂ ಒಂದು ಹೊಸ ಗುರುತು ಕೊಡಿ. ಫ ಎಂಬುದರ ಟೈಪ್ ‘ಅ’, ಕ ಎಂಬುದರದ್ದು ‘ಆ’. ಒಳಗಿನ ‘ಫ ಕ’ ನೋಡಿ: ಫ ಒಂದು ಫಂಕ್ಷನ್, ಅದು ‘ಆ’ ತೆಗೆದುಕೊಂಡು ಏನೋ ಕೊಡುತ್ತದೆ, ಅದಕ್ಕೆ ‘ಇ’ ಅನ್ನೋಣ. ಅಂದರೆ ಅ = ಆ -> ಇ. ಹೊರಗಿನ ಕರೆ: ಅದೇ ಫ ಈಗ ‘ಇ’ ತೆಗೆದುಕೊಂಡು ‘ಈ’ ಕೊಡುತ್ತದೆ, ಅ = ಇ -> ಈ. ಎರಡೂ ಒಂದೇ ಆಗಬೇಕು. ಬಾಣದ ಎಡಕ್ಕೆ ಎಡ, ಬಲಕ್ಕೆ ಬಲ ಹೊಂದಿಸಿ: ಆ = ಇ, ಇ = ಈ. ಎಲ್ಲವೂ ಒಂದೇ ಗುರುತಾಯಿತು. ಉತ್ತರ: (ಆ -> ಆ) -> ಆ -> ಆ. ಬರೆದವರು ಒಂದು ಟೈಪನ್ನೂ ಹೇಳಿಲ್ಲ!

ಹೀಗೆ ಹೊಂದಿಸುವುದೇ ಯೂನಿಫಿಕೇಶನ್. ಅದರಲ್ಲಿ ಒಂದು ಕಾವಲು ಬೇಕು. ‘ಕ -> ಕ ಕ’ ಕೊಟ್ಟರೆ ಅ = ಅ -> ಆ ಅಂತ ಬರುತ್ತದೆ, ತನ್ನೊಳಗೇ ತಾನಿರುವ ಟೈಪ್. ಯಾವುದೇ ಗುರುತಿಗೆ ಬೆಲೆ ಕೊಡುವ ಮೊದಲು, ಆ ಬೆಲೆಯೊಳಗೆ ಅದೇ ಗುರುತು ಇದೆಯಾ ಅಂತ ನೋಡಿ. ಇದ್ದರೆ ತಪ್ಪು ಅಂತ ಹೇಳಿ ನಿಲ್ಲಿಸಿ. ಈ ಕಾವಲು ಮರೆತರೆ ಟೈಪ್ ಚೆಕರ್ ಕೊನೆಯಿಲ್ಲದೆ ಸುತ್ತುತ್ತದೆ.

ಇನ್ನೊಂದು ನಿಯಮ: ‘ಇರಲಿ’ಯಿಂದ ಹೆಸರಿಟ್ಟಾಗ, ಹೊರಗೆಲ್ಲೂ ಬಳಕೆಯಾಗದೆ ಉಳಿದ ಗುರುತುಗಳು ‘ಯಾವುದಾದರೂ ಸರಿ’ ಅಂತಾಗಲಿ. ಆಗ ‘ಎರಡುಸಲ’ ಸಂಖ್ಯೆಗೂ ಆಗುತ್ತದೆ, ಪಟ್ಟಿಗೂ ಆಗುತ್ತದೆ. ಬಳಸಿದ ಪ್ರತಿ ಸಲ ಹೊಸ ಗುರುತು ಹಾಕಿಕೊಂಡು ಶುರು ಮಾಡಬೇಕು. ನಾವು ಬದಲಾಗುವ ಬೆಲೆಗಳನ್ನು ಬಿಟ್ಟದ್ದಕ್ಕೆ ಇಲ್ಲಿ ಲಾಭ ಇದೆ. ಅವು ಇದ್ದಿದ್ದರೆ ಈ ನಿಯಮ ಹಾಗೇ ನಡೆಯುತ್ತಿರಲಿಲ್ಲ, ಓಕ್ಯಾಮಲ್‌ನಲ್ಲಿ ಇರುವ ಹಾಗೆ ಮತ್ತೊಂದು ನಿರ್ಬಂಧ ಬೇಕಾಗುತ್ತಿತ್ತು.

10. ತಪ್ಪು ಹೇಳುವ ರೀತಿ

ನಿಮ್ಮ ಭಾಷೆ ಬಳಸುವವರು ಜಾಸ್ತಿ ಓದುವುದು ನಿಮ್ಮ ತಪ್ಪು ಸಂದೇಶಗಳನ್ನು. ಎಲ್ಮ್ ಭಾಷೆಯನ್ನು ಜನ ಇಷ್ಟಪಟ್ಟದ್ದಕ್ಕೆ ಅದರ ಸಂದೇಶಗಳೂ ಒಂದು ಕಾರಣ. ಕನ್ನಡದಲ್ಲಿ ಬರೆಯಲು ಹೊರಟರೆ ವಿಭಕ್ತಿ ಅಡ್ಡ ಬರುತ್ತದೆ. ದರಕ್ಕೆ, ಬೆಲೆಗೆ, ಹಸುವಿಗೆ, ಲೀಟರಿಗೆ: ಹೆಸರು ಬದಲಾದ ಹಾಗೆ ಪ್ರತ್ಯಯವೂ ಬದಲು. ಹೆಸರನ್ನು ತಂದು ‘ಗೆ’ ಅಂಟಿಸಿದರೆ ‘ದರಗೆ’ ಅಂತ ಬರುತ್ತದೆ. ಹೆಸರಿಗೆ ಏನನ್ನೂ ಅಂಟಿಸದೆ, ‘ಎಂಬ ಫಂಕ್ಷನ್‌ಗೆ’, ‘ಎಂಬ ಹೆಸರಿಗೆ’ ಅಂತ ಬರೆದರೆ ಎಲ್ಲಾ ಹೆಸರಿಗೂ ಒಂದೇ ವಾಕ್ಯ ಸಾಕು:

```
7ನೇ ಸಾಲು: ‘ಹಸುಬೆಲೆ’ ಎಂಬ ಫಂಕ್ಷನ್‌ಗೆ ಸಂಖ್ಯೆ ಬೇಕಿತ್ತು.
ಇಲ್ಲಿ ಸಿಕ್ಕಿದ್ದು ಪಠ್ಯ: "ನಾಲ್ಕು"
```

ತಪ್ಪಿನ ಕೆಳಗೆ ಬಾಣದ ಗುರುತು ಹಾಕುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ‘ಕ್ಷಿ’ ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತ, ಯುಟಿಎಫ್-8 ಫೈಲ್‌ನಲ್ಲಿ 12 ಬೈಟ್. ಟರ್ಮಿನಲ್‌ನಲ್ಲಿ ಕನ್ನಡ ಅಕ್ಷರಗಳ ಅಗಲವೂ ಒಂದೇ ಸಮ ಇರುವುದಿಲ್ಲ. ಬಾಣ ಎಲ್ಲೋ ಹೋಗಿ ನಿಲ್ಲುತ್ತದೆ. ಸಾಲಿನ ಸಂಖ್ಯೆ ಹೇಳಿ, ತಪ್ಪಿದ ತುಣುಕನ್ನೇ ಮತ್ತೆ ಬರೆದು ತೋರಿಸುವುದು ಮೇಲು.

ಇದಕ್ಕಾಗಿ ಪ್ರತಿ ನೋಡ್‌ನಲ್ಲೂ ಸಾಲಿನ ಸಂಖ್ಯೆ ಮತ್ತು ಮೂಲ ತುಣುಕು ಇರಬೇಕು. ಲೆಕ್ಸರ್ ಬರೆಯುವ ದಿನವೇ ಇದನ್ನು ಹಾಕಿಡಿ, ಆಮೇಲೆ ಸೇರಿಸುವುದೆಂದರೆ ಇಡೀ ಕೋಡ್ ಮುಟ್ಟಬೇಕಾಗುತ್ತದೆ.

11. ಲೈಬ್ರರಿ, ಟೆಸ್ಟ್, ಮೊದಲ ಬಳಕೆದಾರರು

ಲೈಬ್ರರಿ ಚಿಕ್ಕದಿರಲಿ: ಸೋಸು, ಪ್ರತಿಯೊಂದಕ್ಕೂ, ಕೂಡು, ಉದ್ದ, ಮೊದಲನೆಯದು, ತಿರುಗಿಸು. ಇವನ್ನೆಲ್ಲ ಹೊಳೆಯಲ್ಲೇ ಬರೆಯಿರಿ. ಬರೆಯಲು ಕಷ್ಟವಾದರೆ ಕೊರತೆ ಭಾಷೆಯಲ್ಲಿದೆ ಅಂತ ಗೊತ್ತಾಗುತ್ತದೆ. ವೇಗದ ಚಿಂತೆ ಈಗಲೇ ಬೇಡ. ಭಾಷೆಯ ಅರ್ಥ ಗಟ್ಟಿಯಾದ ಮೇಲೆ ಬೈಟ್‌ಕೋಡ್ (ಬೇಗ ಓಡುವ ಚಿಕ್ಕ ಆದೇಶಗಳ ಸಾಲು) ಮಾಡಬಹುದು, ಆಗ ಈ ಇವ್ಯಾಲ್ಯುಯೇಟರ್ ಸರಿ ಉತ್ತರ ಯಾವುದು ಅಂತ ಹೇಳುವ ಸಾಕ್ಷಿಯಾಗಿ ಉಳಿಯುತ್ತದೆ.

ಈಗ ಮೊದಲ ದಿನದ ಆ ಕಾಗದ ತೆಗೆಯಿರಿ. ಅದರಲ್ಲಿ ಬರೆದ ಪ್ರೋಗ್ರಾಂಗಳನ್ನೆಲ್ಲ ಟೈಪ್ ಮಾಡಿ ಓಡಿಸಿ:

```
ಇರಲಿ ವಾರ = [ಹಸು(4500), ಹಸು(4000), ರಜೆ, ಎಮ್ಮೆ(3000)]
ವಾರ |> ಪ್ರತಿಯೊಂದಕ್ಕೂ ಬೆಲೆ |> ಕೂಡು 0
```

15750, 14000, 0, 15000. ಕೂಡಿದರೆ 44750 ಬರಬೇಕು, ಅಂದರೆ 447 ರೂಪಾಯಿ 50 ಪೈಸೆ. ಆಮೇಲೆ ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿರುವ ಒಬ್ಬರನ್ನು ಕೂರಿಸಿ, ‘ಇದಕ್ಕೆ ಮೇಕೆ ಹಾಲು ಸೇರಿಸಿ’ ಅಂತ ಹೇಳಿ. ನೀವು ಬಾಯಿ ಬಿಡಬೇಡಿ, ಪಕ್ಕದಲ್ಲಿ ಕೂತು ನೋಡಿ. ಅವರು ‘ಬಗೆ’ ಸಾಲಿಗೆ ಮೇಕೆ ಸೇರಿಸಿ ಓಡಿಸುತ್ತಾರೆ. ‘ಬೆಲೆ’ ಎಂಬ ಫಂಕ್ಷನ್‌ನಲ್ಲಿ ‘ಮೇಕೆ’ ಎಂಬುದಕ್ಕೆ ಕವಲು ಇಲ್ಲ ಅಂತ ಪರದೆಯ ಮೇಲೆ ಬರುತ್ತದೆ. ಅದನ್ನು ಓದಿ ಅವರ ಕೈ ನೇರವಾಗಿ ಆ ಸಾಲಿಗೆ ಹೋಗುತ್ತದಾ, ಅಥವಾ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರಾ? ಮುಖ ನೋಡಿದರೆ, ಆ ಸಂದೇಶವನ್ನು ಅವತ್ತೇ ತಿದ್ದಿ ಬರೆಯಿರಿ.